ದೇವರ ದೊಡ್ಡ ಕಥನದಲ್ಲಿ ನಮ್ಮ ಜಾಗ ಯಾವುದು?

ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇಬ್ಬರು ಯೆರೂಸಲೇಮಿನಿಂದ ಎಮ್ಮಾಹು ಎಂಬ ಹಳ್ಳಿಯ ಕಡೆಗೆ ನಡೆದು ಹೊರಟಿದ್ದಾರೆ. ದಾರಿ ಸುಮಾರು 11 ಕಿಲೋಮೀಟರ್. ಒಬ್ಬನ ಹೆಸರು ಕ್ಲೆಯೊಫ. ಇನ್ನೊಬ್ಬರು ಯಾರೆಂದು ಲೂಕನು ಹೇಳುವುದಿಲ್ಲ. ನಡುದಾರಿಯಲ್ಲಿ ಜೊತೆಯಾದ ಅಪರಿಚಿತನು ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಅವರು ಬಾಡಿದ ಮುಖದಿಂದ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಾರೆ: ನಜರೇತಿನ ಯೇಸು ಪ್ರವಾದಿಯಾಗಿದ್ದನು, ಮುಖ್ಯಯಾಜಕರು ಆತನನ್ನು ಹಿಡಿದುಕೊಟ್ಟರು, ಶಿಲುಬೆಗೆ ಹಾಕಿಸಿದರು, ಇಂದಿಗೆ ಮೂರನೆಯ ದಿನ, ನಸುಕಿನಲ್ಲಿ ಸಮಾಧಿಗೆ ಹೋದ ಹೆಂಗಸರಿಗೆ ದೇಹ ಕಾಣಲಿಲ್ಲ, ಆತನು ಬದುಕಿದ್ದಾನೆಂದು ದೇವದೂತರು ಹೇಳಿದರಂತೆ. ಸುವಾರ್ತೆಯ ಪ್ರತಿಯೊಂದು ಸಂಗತಿಯೂ ಅವರ ಬಾಯಲ್ಲಿದೆ, ಆದರೂ ಅವರಿಗೆ ಅದು ಸುವಾರ್ತೆಯಾಗಿ ಕೇಳಿಸುತ್ತಿಲ್ಲ. ಇಸ್ರಾಯೇಲನ್ನು ಬಿಡಿಸುವವನು ಈತನೇ ಎಂದು ನಿರೀಕ್ಷಿಸಿಕೊಂಡಿದ್ದೆವು ಎಂದು ಅವರು ನಿಟ್ಟುಸಿರಿಡುತ್ತಾರೆ. ಅವರ ಮನಸ್ಸಿನಲ್ಲಿದ್ದ ಕಥೆ ರೋಮನ್ನರ ಸೋಲಿನಲ್ಲಿ ಮುಗಿಯಬೇಕಾಗಿತ್ತು, ಆ ಕಥೆಯಲ್ಲಿ ಶಿಲುಬೆಗೆ ಜಾಗವಿರಲಿಲ್ಲ. ಆ ಅಪರಿಚಿತನು ಎದ್ದುಬಂದ ಯೇಸುವೇ, ಆದರೆ ಅವರಿಗೆ ಗುರುತು ಸಿಕ್ಕಿಲ್ಲ. ಆತನು ಅವರಿಗೆ ಹೊಸ ಮಾಹಿತಿಯನ್ನೇನೂ ಕೊಡುವುದಿಲ್ಲ. ಮೋಶೆಯಿಂದ ಆರಂಭಿಸಿ ಎಲ್ಲ ಪ್ರವಾದಿಗಳ ಗ್ರಂಥಗಳನ್ನು ಹಿಡಿದು, ಅವರಿಗೆ ಗೊತ್ತಿದ್ದ ಸಂಗತಿಗಳು ಯಾವ ಕಥನದೊಳಗೆ ಸೇರುತ್ತವೆ ಎಂಬುದನ್ನು ಮಾತ್ರ ತೋರಿಸಿಕೊಡುತ್ತಾನೆ.

ಕ್ರೈಸ್ತರು "ನನ್ನ ಬದುಕಿಗೆ ದೇವರ ಚಿತ್ತವೇನು" ಎಂದು ಕೇಳುವಾಗ ಬಹುಮಟ್ಟಿಗೆ ಇದೇ ಸ್ಥಿತಿಯಲ್ಲಿರುತ್ತಾರೆ. ಕಥೆ ಮೊದಲೇ ಸಿದ್ಧವಾಗಿರುತ್ತದೆ: ಓದು, ಕೆಲಸ, ಮದುವೆ, ಮನೆ, ಮಕ್ಕಳ ಭವಿಷ್ಯ. ಅದರಲ್ಲಿ ಎಡವಿದ ಕಡೆಯಲ್ಲೆಲ್ಲ ಬಂದು ಕೈಹಿಡಿಯುವ ಸಹಾಯಕನ ಪಾತ್ರವನ್ನು ದೇವರಿಗೆ ಕೊಟ್ಟಿರುತ್ತೇವೆ. ಸತ್ಯವೇದವು ಈ ಏರ್ಪಾಡನ್ನು ತಲೆಕೆಳಗು ಮಾಡುತ್ತದೆ. ದೇವರು ನನ್ನ ಕಥೆಯಲ್ಲಿ ಎಲ್ಲಿದ್ದಾನೆ ಎಂಬುದಕ್ಕಿಂತ ಮೊದಲು, ದೇವರು ನಡೆಸುತ್ತಿರುವ ಕಥನ ಯಾವುದು, ಅದು ಈಗ ಎಲ್ಲಿಗೆ ಬಂದು ನಿಂತಿದೆ, ಅದರೊಳಗೆ ನಾನು ನಿಂತಿರುವ ಜಾಗ ಯಾವುದು ಎಂದು ಕೇಳಬೇಕಾಗುತ್ತದೆ. ಈ ಜಾಗ ಸಾಮಾನ್ಯವಾಗಿ ನಾವು ಬಯಸುವುದಕ್ಕಿಂತ ಚಿಕ್ಕದು, ಅಲ್ಲಿ ನಿಂತವರಿಗೆ ಅದರ ಪೂರ್ಣ ಅರ್ಥ ಕಾಣುವುದೂ ಅಪರೂಪ. ಹೀಗಿದ್ದೂ ಆ ಜಾಗ ವ್ಯರ್ಥವಲ್ಲ ಎಂದು ಕ್ರೈಸ್ತ ನಂಬಿಕೆ ಏಕೆ ಹೇಳುತ್ತದೆ ಎಂಬುದನ್ನು ತಿಳಿಯಲು ಆ ಕಥನವನ್ನು ಒಮ್ಮೆ ಮೊದಲಿನಿಂದ ನೋಡಬೇಕು.

ದೇವರು ಲೋಕವನ್ನು ಒಳ್ಳೆಯದಾಗಿ ಸೃಷ್ಟಿಸಿ, ಅದನ್ನು ನೋಡಿಕೊಳ್ಳುವ ಹೊಣೆಯನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ ಮನುಷ್ಯರಿಗೆ ಒಪ್ಪಿಸಿದನು. ಮನುಷ್ಯರು ದೇವರನ್ನು ಬಿಟ್ಟು ತಮ್ಮ ದಾರಿ ಹಿಡಿದರು. ಆ ಒಡಕು ಅಣ್ಣತಮ್ಮಂದಿರ ನಡುವಿನ ಕೊಲೆಯಿಂದ ಬಾಬೆಲಿನ ಗೋಪುರದವರೆಗೆ ಹಬ್ಬಿತು. ಇಲ್ಲಿಯವರೆಗಿನದು ಆದಿಕಾಂಡದ ಮೊದಲ 11 ಅಧ್ಯಾಯಗಳು. ಹನ್ನೆರಡನೆಯ ಅಧ್ಯಾಯದಲ್ಲಿ ದೇವರು ಇಡೀ ಲೋಕದ ಒಡಕಿಗೆ ಉತ್ತರವಾಗಿ ಮಾಡುವ ಕೆಲಸ ಮೇಲುನೋಟಕ್ಕೆ ವಿಚಿತ್ರವಾದದ್ದು. ಮಕ್ಕಳಿಲ್ಲದ ಒಬ್ಬ ಮುದುಕನನ್ನು ಊರು ಬಿಟ್ಟು ಹೊರಡು ಎಂದು ಕರೆದು, ಭೂಲೋಕದ ಎಲ್ಲ ಕುಲಗಳಿಗೂ ನಿನ್ನ ಮೂಲಕ ಆಶೀರ್ವಾದವಾಗುವುದು ಎಂದು ಮಾತು ಕೊಡುತ್ತಾನೆ. ಅಬ್ರಹಾಮನಿಗೆ ಕಾನಾನ್ ದೇಶವನ್ನೆಲ್ಲ ಕೊಡುವೆನೆಂಬ ವಾಗ್ದಾನವೂ ಸಿಕ್ಕಿತು. ಆದರೆ ಅವನ ಜೀವಮಾನದಲ್ಲಿ ಆ ದೇಶದೊಳಗೆ ಅವನು ಕೊಂಡ ಹೊಲವೆಂದು ಆದಿಕಾಂಡವು ಹೇಳುವುದು ಒಂದೇ, ಮಕ್ಪೇಲದ ಗವಿಯಿದ್ದ ಹೊಲ. ಹೆಂಡತಿ ಸಾರಳು ತೀರಿಕೊಂಡಾಗ ಅವಳನ್ನು ಮಣ್ಣುಮಾಡಲು ಅವನು ಹಿತ್ತಿಯನಾದ ಎಫ್ರೋನನಿಂದ ಅದನ್ನು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ಎಫ್ರೋನನು ಮೊದಲು ಸುಮ್ಮನೆ ಕೊಡುತ್ತೇನೆ ಎಂದು, ನಮ್ಮ ನಿಮ್ಮ ನಡುವೆ 400 ಶೆಕೆಲ್ ಏನು ಮಹಾ ಎಂದು ಮಾತಿನ ನಡುವೆ ಬೆಲೆಯನ್ನು ತೇಲಿಸಿಬಿಡುವ ರೀತಿಯನ್ನು ಸಂತೆಯಲ್ಲಿ ವ್ಯಾಪಾರ ಮಾಡಿದವರೆಲ್ಲ ಗುರುತಿಸಬಲ್ಲರು. ಇಡೀ ದೇಶದ ವಾಗ್ದಾನವನ್ನು ಹೊಂದಿದವನು ಹೆಂಡತಿಯ ಸಮಾಧಿಗೆ ಪೂರ್ಣ ಬೆಲೆ ತೆತ್ತನು. ದೇವರ ಕಥನದಲ್ಲಿ ಜಾಗ ಸಿಕ್ಕವರ ಬದುಕು ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಇದು ಮೊದಲ ಮಾದರಿ.

ಅಲ್ಲಿಂದ ಮುಂದಿನದು ಇಸ್ರಾಯೇಲಿನ ಚರಿತ್ರೆ: ಐಗುಪ್ತದ ದಾಸತ್ವ, ಬಿಡುಗಡೆ, ಸೀನಾಯಿ ಬೆಟ್ಟದ ಒಡಂಬಡಿಕೆ, ಅರಸರು, ಅವರ ಅನ್ಯಾಯಗಳು, ಪ್ರವಾದಿಗಳ ಗದರಿಕೆ, ಬಾಬೆಲಿನ ಸೆರೆ, ಅರೆಬರೆಯಾದ ಮರಳುವಿಕೆ. ಈ ದೀರ್ಘ ದಾರಿಯ ಕೊನೆಯಲ್ಲಿ ಅಬ್ರಹಾಮನಿಗೂ ದಾವೀದನಿಗೂ ಕೊಟ್ಟ ಮಾತನ್ನು ದೇವರು ಯೇಸುವಿನಲ್ಲಿ ನೆರವೇರಿಸಿದನು, ಆತನ ಮರಣದಲ್ಲಿ ಪಾಪದ ಭಾರವನ್ನು ತಾನೇ ಹೊತ್ತನು, ಪುನರುತ್ಥಾನದಲ್ಲಿ ಹೊಸ ಸೃಷ್ಟಿಯನ್ನು ಆರಂಭಿಸಿದನು ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಪವಿತ್ರಾತ್ಮನು ಸಭೆಯನ್ನು ಎಲ್ಲ ಜನಾಂಗಗಳಿಂದ ಕೂಡಿಸುತ್ತಾನೆ. ಕೊನೆಗೆ ಕ್ರಿಸ್ತನು ಮರಳಿ ಬಂದು ಎಲ್ಲವನ್ನೂ ಹೊಸದುಮಾಡುತ್ತಾನೆ. ಇದನ್ನು ಸಭೆಯು ನೀತಿಕಥೆಯಾಗಿ ಹೇಳುತ್ತಿಲ್ಲ, ನಡೆದದ್ದಾಗಿ ಹೇಳುತ್ತಿದೆ. ಆದ್ದರಿಂದಲೇ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಯೇಸು, ಮರಿಯಳು ಎಂಬ ಹೆಸರುಗಳ ಜೊತೆಗೆ ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರೂ ನಿಂತುಬಿಟ್ಟಿದೆ. ಅದು ಇರುವುದು ಕಾಲವನ್ನು ಗುರುತಿಸುವುದಕ್ಕೆ.

ಈ ಕಥನವನ್ನು ಅರ್ಧದಿಂದ ಓದುವ ಚಟ ಹೊಸದಲ್ಲ. ಪೊಂತ ಸೀಮೆಯ ಸಿನೋಪೆಯಿಂದ ರೋಮಾಪುರಕ್ಕೆ ಬಂದಿದ್ದ ಹಡಗುಗಳ ಒಡೆಯ ಮಾರ್ಸಿಯನ್ ಎಂಬಾತನು ಹಳೇ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ವಾದಿಸಿ, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಿಕೆಗಳನ್ನೂ ಮಾತ್ರ ಉಳಿಸಿಕೊಂಡನು. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಕೆಲವು ದಶಕಗಳ ನಂತರ ಗಾಲ್ ದೇಶದ ಲಿಯಾನ್ ಪಟ್ಟಣದ ಬಿಷಪ್ ಇರೇನಿಯಸ್, ಸತ್ಯವೇದದ ಮಾತುಗಳನ್ನು ಬೇಕಾದಂತೆ ಕಿತ್ತು ಜೋಡಿಸುವವರ ಬಗ್ಗೆ ಬರೆಯುತ್ತಾ ಒಂದು ಹೋಲಿಕೆ ಕೊಟ್ಟನು: ನುರಿತ ಕಲಾವಿದನು ಬಣ್ಣದ ಹರಳುಗಳಿಂದ ರಾಜನ ಚಿತ್ರ ಮಾಡಿಟ್ಟಿದ್ದಾನೆ, ಯಾರೋ ಒಬ್ಬ ಬಂದು ಅದೇ ಹರಳುಗಳನ್ನು ಕಿತ್ತು ನಾಯಿಯದೋ ನರಿಯದೋ ಆಕಾರಕ್ಕೆ ಜೋಡಿಸಿ, ಇದೇ ರಾಜನ ಚಿತ್ರ, ಹರಳುಗಳನ್ನು ನೋಡಿ, ಅವೇ ತಾನೇ ಎನ್ನುತ್ತಾನೆ. ವಚನಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಬೆಳಗಿನ ಶುಭಾಶಯದ ಚಿತ್ರದೊಂದಿಗೆ ಪಡೆಯುವ ನಮ್ಮ ಕಾಲಕ್ಕೆ ಇರೇನಿಯಸನ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ಕಥನದ ಒಟ್ಟು ಆಕಾರ ತಿಳಿದ ಮೇಲೆ ಬರುವ ಪ್ರಶ್ನೆ, ಅದರಲ್ಲಿ ನಾವು ಈಗ ಎಲ್ಲಿದ್ದೇವೆ ಎಂಬುದು. ಹೊಸ ಒಡಂಬಡಿಕೆಯ ಉತ್ತರ ಸ್ಪಷ್ಟವಾಗಿದೆ. ಕ್ರಿಸ್ತನ ಪುನರುತ್ಥಾನ ಆಗಿಹೋಗಿದೆ, ಎಲ್ಲವೂ ಹೊಸದಾಗುವ ದಿನ ಇನ್ನೂ ಬಂದಿಲ್ಲ. ನಾವಿರುವುದು ಈ ಎರಡರ ನಡುವೆ. ಪೌಲನು ಕೊರಿಂಥದವರಿಗೆ ಬರೆಯುತ್ತಾ ಎದ್ದುಬಂದ ಕ್ರಿಸ್ತನನ್ನು ಬೆಳೆಯ ಪ್ರಥಮ ಫಲ ಎನ್ನುತ್ತಾನೆ. ಮೊದಲ ತೆನೆ ಮನೆಗೆ ಬಂದಿದೆ, ಕೊಯ್ಲು ಹೊಲದಲ್ಲೇ ಇದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ನಿನ್ನ ರಾಜ್ಯವು ಬರಲಿ ಎಂದು ಇಂದಿಗೂ ಬೇಡಿಕೊಳ್ಳುತ್ತಿರುವುದೇ ಅದು ಪೂರ್ತಿಯಾಗಿ ಬಂದಿಲ್ಲವೆಂಬುದಕ್ಕೆ ಸಾಕ್ಷಿ. ಈ ನಡುವಿನ ಕಾಲವನ್ನು ಮರೆತರೆ ಎರಡು ಬಗೆಯ ತಪ್ಪುಗಳು ಆಗುತ್ತವೆ. ಎಲ್ಲವೂ ಈಗಲೇ ಸಿಕ್ಕಿದೆ ಎಂದುಕೊಂಡವರು ಕಾಯಿಲೆ, ಬಡತನ, ಸೋಲುಗಳೆಲ್ಲ ನಂಬಿಕೆಯ ಕೊರತೆಯಿಂದ ಬರುತ್ತವೆ ಎಂದು ಬೋಧಿಸುತ್ತಾರೆ, ಆ ಬೋಧನೆಯ ಭಾರ ಬೀಳುವುದು ಈಗಾಗಲೇ ನೊಂದವರ ಮೇಲೆ. ಎಲ್ಲವೂ ಪರಲೋಕದಲ್ಲಿ ಮಾತ್ರ ಎಂದುಕೊಂಡವರು ಇಲ್ಲಿನ ಅನ್ಯಾಯವನ್ನು ನೋಡಿಯೂ ನೋಡದಂತೆ ಹಾಡಿಕೊಂಡು ಕೂರುತ್ತಾರೆ. ಎರಡನೆಯವರು ಪ್ರಕಟನೆ ಪುಸ್ತಕದ 21ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅಲ್ಲಿ ಮನುಷ್ಯರು ಮೇಲೆ ಹೋಗುವುದಿಲ್ಲ. ಹೊಸ ಯೆರೂಸಲೇಮ್ ಕೆಳಗೆ ಇಳಿದುಬರುತ್ತದೆ, ಜನಾಂಗಗಳ ವೈಭವವನ್ನು ಅದರೊಳಗೆ ತರಲಾಗುತ್ತದೆ.

ಈಗ ಒಬ್ಬಳ ಬದುಕನ್ನು ಹತ್ತಿರದಿಂದ ನೋಡೋಣ. ರೂತಳ ಪುಸ್ತಕ ನಾಲ್ಕೇ ಅಧ್ಯಾಯಗಳದ್ದು. ಒಂದು ಸಂಜೆ ಕೂತು ಗಟ್ಟಿಯಾಗಿ ಓದಿದರೂ ಅರ್ಧ ಗಂಟೆ ಹಿಡಿಯದು. ನ್ಯಾಯಸ್ಥಾಪಕರ ಕಾಲದ ಬರಗಾಲದಲ್ಲಿ ಬೇತ್ಲೆಹೇಮಿನ ಎಲೀಮೆಲೆಕನು ಹೆಂಡತಿ ನೊವೊಮಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ಗುಳೆ ಹೋಗುತ್ತಾನೆ. ಅಲ್ಲಿ ಅವನೂ ಸಾಯುತ್ತಾನೆ, ಮೋವಾಬಿನ ಹುಡುಗಿಯರನ್ನು ಮದುವೆಯಾದ ಮಕ್ಕಳಿಬ್ಬರೂ ಸಾಯುತ್ತಾರೆ. ಊರಿನಲ್ಲಿ ಮಳೆಬೆಳೆಯಾಗಿದೆ ಎಂದು ಕೇಳಿ ನೊವೊಮಿ ಹೊರಟಾಗ, ಒಬ್ಬ ಸೊಸೆ ಒರ್ಫಾ ಅತ್ತು ಮುತ್ತಿಟ್ಟು ಹಿಂದಿರುಗುತ್ತಾಳೆ, ಇನ್ನೊಬ್ಬಳು ರೂತಳು ಬಿಡುವುದಿಲ್ಲ. ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು ಎಂದು ಅತ್ತೆಯ ಜೊತೆ ಗೊತ್ತಿಲ್ಲದ ಊರಿಗೆ ನಡೆದುಬಿಡುತ್ತಾಳೆ. ಮೋವಾಬ್ಯರು ಯೆಹೋವನ ಸಭೆಯಲ್ಲಿ ಸೇರಬಾರದು ಎಂಬ ಮಾತು ಧರ್ಮೋಪದೇಶಕಾಂಡದಲ್ಲಿ ಇದ್ದುದರಿಂದ ಅವಳಿಗೆ ಅಲ್ಲಿ ಎಂಥ ಸ್ವಾಗತ ಸಿಗಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬೇತ್ಲೆಹೇಮಿನ ಹೆಂಗಸರು ಇವಳೇ ನೊವೊಮಿಯೋ ಎಂದು ಬೆರಗಾದಾಗ ಅತ್ತೆಯು, ತುಂಬಿದವಳಾಗಿ ಹೋದೆ, ದೇವರು ನನ್ನನ್ನು ಬರಿದುಮಾಡಿ ಕರೆತಂದಿದ್ದಾನೆ ಎನ್ನುತ್ತಾಳೆ. ಪಕ್ಕದಲ್ಲೇ ನಿಂತಿರುವ ಸೊಸೆ ಅವಳ ಲೆಕ್ಕದಲ್ಲಿ ಇಲ್ಲ.

ಅಲ್ಲಿ ರೂತಳು ಮಾಡುವುದು ಹಕ್ಕಲಾಯುವ ಕೆಲಸ. ಕೊಯ್ಯುವವರ ಹಿಂದೆ ಬಾಗಿ ನಡೆಯುತ್ತಾ, ಅವರ ಕೈಯಿಂದ ಜಾರಿ ನೆಲಕ್ಕೆ ಬಿದ್ದ ಜವೆಗೋದಿಯ ತೆನೆಗಳನ್ನು ಒಂದೊಂದಾಗಿ ಆರಿಸಿ, ಸಂಜೆ ಬಡಿದು ಕಾಳು ಮಾಡಿ, ಹೊತ್ತುಕೊಂಡು ಮನೆಗೆ ಬರುವುದು. ಬಡವರಿಗೂ ಪರದೇಶಿಗಳಿಗೂ ಹೊಲದ ಮೂಲೆಯನ್ನೂ ಬಿದ್ದ ತೆನೆಯನ್ನೂ ಬಿಟ್ಟುಬಿಡಬೇಕು ಎಂದು ಯಾಜಕಕಾಂಡದ ನಿಯಮವಿತ್ತು, ಅವಳು ಬದುಕಿದ್ದು ಆ ನಿಯಮದ ಮೇಲೆ. ಅವಳು ಹೊಕ್ಕ ಹೊಲ ಅಕಸ್ಮಾತ್ತಾಗಿ ಮಾವನ ಸಂಬಂಧಿಕ ಬೋವಜನದು ಎಂದು ಲೇಖಕನು ಸುಮ್ಮನೆ ಹೇಳಿ ಮುಂದೆ ಹೋಗುತ್ತಾನೆ. ದೇವರು ಅವಳನ್ನು ಅಲ್ಲಿಗೆ ನಡೆಸಿದನು ಎಂದು ಬರೆಯುವುದಿಲ್ಲ. ಇಡೀ ಪುಸ್ತಕದಲ್ಲಿ ದೇವದರ್ಶನವಿಲ್ಲ, ಕನಸಿಲ್ಲ, ಪ್ರವಾದಿಯಿಲ್ಲ. ಪಾತ್ರಗಳು ದೇವರ ಹೆಸರೆತ್ತಿ ಹರಸುತ್ತಾರೆ, ಗೊಣಗುತ್ತಾರೆ, ಆದರೆ ದೇವರು ಹೀಗೆ ಮಾಡಿದನು ಎಂದು ಲೇಖಕನು ತನ್ನ ಮಾತಿನಲ್ಲಿ ಹೇಳುವುದು ಎರಡೇ ಕಡೆ: ಆರಂಭದಲ್ಲಿ ತನ್ನ ಜನರಿಗೆ ಆಹಾರ ಕೊಟ್ಟನು, ಕೊನೆಯಲ್ಲಿ ರೂತಳಿಗೆ ಗರ್ಭವನ್ನು ಅನುಗ್ರಹಿಸಿದನು. ನಡುವಿನದೆಲ್ಲ ಮನುಷ್ಯರ ಕೆಲಸ. ಒಬ್ಬಳು ಅತ್ತೆಯನ್ನು ಕೈಬಿಡಲಿಲ್ಲ. ಒಬ್ಬ ಜಮೀನುದಾರನು, ಹೊರಗಿನವಳನ್ನು ಯಾರೂ ಮುಟ್ಟಬಾರದು ಎಂದು ಆಳುಗಳಿಗೆ ತಾಕೀತು ಮಾಡಿ, ಸಿವುಡಿನಿಂದ ಒಂದಿಷ್ಟು ತೆನೆಗಳನ್ನು ಬೇಕೆಂದೇ ಎಳೆದು ಬೀಳಿಸಿ ಎಂದನು.

ಊರಬಾಗಿಲಿನ ಪಂಚಾಯಿತಿಯಲ್ಲಿ ಇನ್ನೊಬ್ಬನು ಬರುತ್ತಾನೆ. ಎಲೀಮೆಲೆಕನ ಹೊಲವನ್ನು ಬಿಡಿಸಿಕೊಳ್ಳುವ ಹಕ್ಕು ಬೋವಜನಿಗಿಂತ ಹತ್ತಿರದ ಆ ಸಂಬಂಧಿಕನದು. ಹೊಲ ಎಂದ ಕೂಡಲೇ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಹೊಲದ ಜೊತೆ ಮೋವಾಬಿನ ವಿಧವೆಯೂ, ಸತ್ತವನ ಹೆಸರು ಉಳಿಸುವ ಹೊಣೆಯೂ ಇದೆ ಎಂದು ತಿಳಿದಾಗ, ನನ್ನ ಸ್ವಂತ ಆಸ್ತಿ ಕೆಟ್ಟೀತು ಎಂದು, ಹಕ್ಕು ಬಿಟ್ಟುಕೊಟ್ಟ ಗುರುತಾಗಿ ಕೆರ ಬಿಚ್ಚಿಕೊಟ್ಟು ಹಿಂದೆ ಸರಿಯುತ್ತಾನೆ. ತನ್ನ ಆಸ್ತಿ, ತನ್ನ ವಂಶವೆಂದು ಜಾಗ್ರತೆ ವಹಿಸಿದ ಅವನೊಬ್ಬನ ಹೆಸರನ್ನೇ ಪುಸ್ತಕವು ದಾಖಲಿಸುವುದಿಲ್ಲ. ಲೇಖಕನು ಇದನ್ನು ಬೊಟ್ಟುಮಾಡಿ ತೋರಿಸದೆ ಬಿಟ್ಟಿರುವುದರಿಂದ ಅದರ ಮೊನೆ ಇನ್ನೂ ಚೂಪಾಗಿದೆ.

ಪುಸ್ತಕದ ಕೊನೆಯ ವಚನಗಳು ಒಣ ವಂಶಾವಳಿ: ಬೋವಜನು ಓಬೇದನನ್ನು ಪಡೆದನು, ಓಬೇದನು ಇಷಯನನ್ನು, ಇಷಯನು ದಾವೀದನನ್ನು. ಓದುಗರಿಗೆ ಇಲ್ಲಿ ತಟ್ಟನೆ ಎಲ್ಲವೂ ಬೇರೆಯಾಗಿ ಕಾಣುತ್ತದೆ. ಹಕ್ಕಲಾಯ್ದವಳು ಅರಸನ ಮುತ್ತಜ್ಜಿ. ಮತ್ತಾಯನು ತನ್ನ ಸುವಾರ್ತೆಯನ್ನು ತೆರೆಯುವ ವಂಶಾವಳಿಯಲ್ಲಿ ತಾಮಾರಳು, ರಾಹಾಬಳು, ಊರೀಯನ ಹೆಂಡತಿ ಇವರ ಜೊತೆಗೆ ರೂತಳ ಹೆಸರನ್ನೂ ಸೇರಿಸಿ, ಆ ಸಾಲನ್ನು ಯೇಸುವಿನವರೆಗೆ ತರುತ್ತಾನೆ. ಆದರೆ ಇದು ರೂತಳಿಗೆ ಗೊತ್ತಿರಲಿಲ್ಲ. ದಾವೀದನ ಹೆಸರನ್ನು ಅವಳು ಕೇಳಿದಳೆಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಮುದಿ ಅತ್ತೆ, ಖಾಲಿ ಮಡಕೆ, ಕೊಯ್ಲಿನ ಹೊಲ. ತನ್ನ ಜಾಗ ಯಾವುದೆಂದು ಮೊದಲು ತಿಳಿದುಕೊಂಡು ಆಮೇಲೆ ನಿಷ್ಠೆಯಿಂದ ನಡೆದವಳಲ್ಲ ಅವಳು. ನಿಷ್ಠೆಯಿಂದ ನಡೆದದ್ದು ಅವಳ ಜಾಗವಾಯಿತು, ಅದನ್ನು ಓದಲು ಸಿಕ್ಕಿದ್ದು ಹಿಂದೆ ಬಂದವರಿಗೆ. ದೇವರ ಚಿತ್ತವನ್ನು ಮುಂಗಡವಾಗಿ ತಿಳಿಯದೆ ಹೆಜ್ಜೆ ಇಡಲಾರೆ ಎಂದು ಕೂತಿರುವ ಯುವಕರಿಗೆ ನಾನು ಬೇರಾವ ಪುಸ್ತಕಕ್ಕಿಂತ ಮೊದಲು ಇದನ್ನು ಓದಲು ಹೇಳುತ್ತೇನೆ.

ಇದಕ್ಕೆ ಎದುರಾಗಿ ಬಹುಜನರಿಗೆ ಗೊತ್ತಿರುವ ವಚನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದವು, ಅಹಿತದವಲ್ಲ, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬ ಅರ್ಥದ ಆ ಮಾತು ಕ್ರೈಸ್ತ ಮನೆಗಳ ಕ್ಯಾಲೆಂಡರಿನಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳಿಗೆ ಕೊಡುವ ಹಾರೈಕೆಯಲ್ಲಿ ಇರುತ್ತದೆ. ಅದು ಮೂಲದಲ್ಲಿ ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದವರಿಗೆ ಯೆರೆಮೀಯನು ಅದನ್ನು ಬರೆದು ಕಳುಹಿಸಿದನು. ಆಗ ಹನನ್ಯನೆಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆ ಎಂದು ಸಾರಿ ಜನರನ್ನು ಮೆಚ್ಚಿಸುತ್ತಿದ್ದನು. ಯೆರೆಮೀಯನು ಹೇಳಿದ್ದು ಎರಡಲ್ಲ, 70 ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿ ವಾಸಿಸಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಪತ್ರವನ್ನು ಕೇಳಿಸಿಕೊಂಡ ಮೂವತ್ತು ವಯಸ್ಸಿನವನಿಗೆ ಅದರ ಅರ್ಥ ಸರಳವಾಗಿತ್ತು, ನೀನು ಇಲ್ಲೇ ಸಾಯುತ್ತೀ, ಮರಳುವವರು ನಿನ್ನ ಮೊಮ್ಮಕ್ಕಳು. ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದದ್ದು ಕ್ರಿ.ಪೂ. 539ರಲ್ಲಿ. ವಾಗ್ದಾನ ಸುಳ್ಳಾಗಲಿಲ್ಲ, ಆದರೆ ಅದು ಒಬ್ಬೊಬ್ಬರ ಕೈಗೆ ಕೊಟ್ಟ ಚೀಟಿಯಾಗಿರಲಿಲ್ಲ, ಒಂದು ಜನಾಂಗಕ್ಕೆ ಕೊಟ್ಟ ಮಾತಾಗಿತ್ತು. ಆ ವಚನವನ್ನು ಗೋಡೆಯಿಂದ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ 70 ವರ್ಷವೆಂದು ಹೇಳುವ ಹತ್ತನೆಯ ವಚನವನ್ನೂ ತೂಗುಹಾಕಿದರೆ ಅದು ಇನ್ನೂ ಹೆಚ್ಚು ಭಾರವನ್ನು ಹೊರಬಲ್ಲದು.

ಈ ಬೋಧನೆಯನ್ನು ಅತ್ಯಂತ ಒರಟಾಗಿ ಬಳಸುವುದು ಸಾವಿನ ಮನೆಯಲ್ಲಿ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕೂತು, ಎಲ್ಲವೂ ದೇವರ ಯೋಜನೆಯಮ್ಮಾ, ಇದರಿಂದಲೂ ಒಳ್ಳೆಯದೇ ಆಗುತ್ತದೆ ಎಂದು ಹೇಳುವವರಿಗೆ ಯೋಸೇಫನ ಮಾತು ಆಧಾರ: ನೀವು ನನಗೆ ಕೇಡನ್ನು ಕಲ್ಪಿಸಿದ್ದಿರಿ, ದೇವರು ಅದನ್ನು ಮೇಲಿಗಾಗಿ ಕಲ್ಪಿಸಿದನು. ಈ ಮಾತನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ಗಮನಿಸಬೇಕು. ನೋವು ತಿಂದ ಯೋಸೇಫನೇ, ದಶಕಗಳ ನಂತರ, ತನ್ನನ್ನು ಮಾರಿದ ಅಣ್ಣಂದಿರಿಗೆ ಅಭಯ ಕೊಡುತ್ತಾ ಹೇಳಿದನು. ಅಣ್ಣಂದಿರು ಅವನನ್ನು ತಳ್ಳಿದ ಗುಂಡಿಯ ಬಾಯಲ್ಲಿ ಕೂತು ಅವನಿಗೆ ಹೇಳಿದ್ದಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನಿಗಂತೂ ಹಾಗೆ ಹೇಳುವ ಅವಕಾಶವೂ ಸಿಗಲಿಲ್ಲ. ಅವನ ಪುಸ್ತಕದ ಮೊದಲ ಎರಡು ಅಧ್ಯಾಯಗಳಲ್ಲಿ ಅವನ ಬಗ್ಗೆ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಮಾತುಕತೆ ಓದುಗರಿಗೆ ಗೊತ್ತಿದೆ, 42ನೆಯ ಅಧ್ಯಾಯ ಮುಗಿದರೂ ಯೋಬನಿಗೆ ತಿಳಿಯುವುದಿಲ್ಲ. ಅವನಿಗೆ ಸಿಕ್ಕಿದ್ದು ದೇವರ ಸಾನ್ನಿಧ್ಯ, ಕಾರಣವಲ್ಲ. ಪ್ರತಿಯೊಂದು ದುಃಖಕ್ಕೂ ಕಾರಣ ಹಚ್ಚುತ್ತಿದ್ದ ಮೂವರು ಸ್ನೇಹಿತರ ಮೇಲೆ ದೇವರು ಕೋಪಗೊಂಡನು ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ದೊಡ್ಡ ಕಥನವಿದೆ ಎಂದು ನಂಬುವುದು ಬೇರೆ, ಅದರ ಎಲ್ಲ ಎಳೆಗಳು ನನ್ನ ಕೈಯಲ್ಲಿವೆ ಎಂದುಕೊಳ್ಳುವುದು ಬೇರೆ.

ಹಾಗಾದರೆ ಒಬ್ಬನು ಈ ಕಥನದೊಳಗೆ ಬರುವುದು ಹೇಗೆ? ಕೇವಲ ಓದಿ, ಒಪ್ಪಿಕೊಂಡು ಅಲ್ಲ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ರೈತನು ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತಂದಾಗ ಹೇಳಬೇಕಾದ ಮಾತುಗಳಿವೆ. ನನ್ನ ಪೂರ್ವಿಕನು ಅಲೆದಾಡುತ್ತಿದ್ದ ಅರಾಮ್ಯನು, ಅವನು ಐಗುಪ್ತಕ್ಕೆ ಹೋದನು ಎಂದು ಆರಂಭಿಸಿ, ಐಗುಪ್ತದವರು ನಮ್ಮನ್ನು ಪೀಡಿಸಿದರು, ನಾವು ಮೊರೆಯಿಟ್ಟೆವು, ಯೆಹೋವನು ನಮ್ಮನ್ನು ಹೊರತಂದನು ಎಂದು ಅವನು ಮುಗಿಸುತ್ತಾನೆ. ಐಗುಪ್ತವನ್ನು ಕಣ್ಣಿನಿಂದ ನೋಡದ, ನೂರಾರು ವರ್ಷಗಳ ನಂತರದ ರೈತನೂ ಆ ಬಿಡುಗಡೆಯನ್ನು ತನ್ನದೆಂದೇ ಹೇಳಬೇಕು. ಕ್ರೈಸ್ತರಿಗೆ ದೀಕ್ಷಾಸ್ನಾನ ಇಂಥದ್ದೇ. ಅದರಲ್ಲಿ ನಾವು ಕ್ರಿಸ್ತನ ಜೊತೆ ಹೂಣಲ್ಪಟ್ಟು ಎದ್ದೆವು ಎಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಕರ್ತನ ಭೋಜನದಲ್ಲಿ ಒಂದು ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವಾಗ ಯೇಸುವನ್ನು ಹಿಡಿದುಕೊಟ್ಟ ಹಿಂದಿನ ಆ ರಾತ್ರಿಯನ್ನೂ ಆತನು ಮರಳಿ ಬರುವ ಮುಂದಿನ ದಿನವನ್ನೂ ಒಟ್ಟಿಗೆ ನೆನೆಯುತ್ತೇವೆ. ಪ್ರತಿವರ್ಷ ಆಗಮನ ಕಾಲದಿಂದ ಕ್ರಿಸ್ಮಸ್, ತಪಸ್ಸು ಕಾಲ, ಈಸ್ಟರ್, ಪಂಚಾಶತ್ತಮದವರೆಗೆ ಸಭೆಯು ಅದೇ ಕಥನವನ್ನು ಮತ್ತೆ ಮತ್ತೆ ನಡೆಯುತ್ತದೆ.

ಕರಾವಳಿಯ ಕಥೋಲಿಕರ ಮೊಂತಿ ಹಬ್ಬದಲ್ಲಿ ಇದು ಇನ್ನೂ ಕಣ್ಣಿಗೆ ಕಟ್ಟುವಂತಿದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ಹಿಂದಿನ ಒಂಬತ್ತು ದಿನಗಳಿಂದ ಹೂ ಅರ್ಪಿಸಿದ ಮಕ್ಕಳು ಅಂದೂ ಬುಟ್ಟಿ ತುಂಬ ಹೂ ಹಿಡಿದು ಬರುತ್ತಾರೆ. ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಕ್ಕಿಷ್ಟು ಎಂದು ಹಂಚುತ್ತಾರೆ, ಮನೆಯಲ್ಲಿ ಆ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಉಂಡ ನಂತರವೇ ಹಬ್ಬದ ಸಸ್ಯಾಹಾರದ ಊಟ. ಈ ಮಣ್ಣಿನ ಹೊಸಕ್ಕಿ ಊಟದ ಪದ್ಧತಿ ಕ್ರೈಸ್ತ ಆರಾಧನೆಯೊಳಗೆ ಬಂದು ಸೇರಿದಾಗ, ಯೆಹೂದದ ರೈತನ ಪುಟ್ಟಿಯ ಪಕ್ಕದಲ್ಲಿ ತುಳುನಾಡಿನ ತೆನೆಗೂ ಜಾಗವಾಯಿತು.

ಆರಾಧನೆಯ ಆಚೆಗೆ, ವಾರದ ಆರು ದಿನಗಳ ಕೆಲಸಕ್ಕೆ ಈ ಕಥನದಲ್ಲಿ ಜಾಗವಿದೆಯೇ ಎಂದು ಕೇಳುವವರು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವನ್ನು ನೋಡಬೇಕು. ಆಳವಾದ ತತ್ತ್ವವೆಲ್ಲ ಮುಗಿದ ಮೇಲೆ ಬರೀ ಹೆಸರುಗಳು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಎಂಬಾಕೆ ಅನೇಕರಿಗೆ ಸಹಾಯಮಾಡಿದವಳು. ಪ್ರಿಸ್ಕಳೂ ಅಕ್ವಿಲನೂ ಗುಡಾರ ಹೊಲಿಯುವ ಕಸುಬಿನ ಗಂಡಹೆಂಡಿರು, ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು. ಎರಸ್ತನು ಪಟ್ಟಣದ ಖಜಾನೆ ನೋಡಿಕೊಳ್ಳುವವನು. ಪೌಲನು ಹೇಳುತ್ತಿದ್ದದ್ದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯನು 22ನೆಯ ವಚನದಲ್ಲಿ, ಈ ಪತ್ರಿಕೆಯನ್ನು ಬರೆದ ನಾನೂ ನಿಮಗೆ ವಂದನೆ ಹೇಳುತ್ತೇನೆ ಎಂದು ತನ್ನದೊಂದು ಸಾಲು ಸೇರಿಸಿಬಿಡುತ್ತಾನೆ. ಕ್ವರ್ತನ ಬಗ್ಗೆ ಇರುವುದು ಸಹೋದರ ಎಂಬ ಒಂದೇ ಮಾತು. ಕ್ರೈಸ್ತ ಚಿಂತನೆಯ ದಿಕ್ಕನ್ನೇ ನಿರ್ಧರಿಸಿದ ಪತ್ರಿಕೆಯು ಗುಮಾಸ್ತ, ಆತಿಥ್ಯ ಕೊಟ್ಟವರು, ಕೈಕಸುಬಿನವರು ಇವರ ಮೇಲೆ ನಿಂತಿತ್ತು.

ಕನ್ನಡ ನಾಡಿನಲ್ಲೂ ಇದಕ್ಕೊಂದು ಉದಾಹರಣೆಯಿದೆ. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದದ್ದು ಸುವಾರ್ತೆ ಸಾರಲು. ಆದರೆ ಕನ್ನಡಿಗರು ಇಂದಿಗೂ ಅವರನ್ನು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ. ಒಂದೊಂದು ಪದದ ಹಿಂದೆ ಹೋಗಿ ಹಳಗನ್ನಡ ಕಾವ್ಯಗಳನ್ನೂ ಜನರ ಆಡುಮಾತನ್ನೂ ಗಾದೆಗಳನ್ನೂ ಹುಡುಕಿ ಜೋಡಿಸಿದ ಆ ಕೆಲಸ ಪ್ರಸಂಗಪೀಠದ ಕೆಲಸವಾಗಿರಲಿಲ್ಲ. ಅದು ನೆರೆಯವರ ಭಾಷೆಗೆ ಸಲ್ಲಿಸಿದ ಗೌರವವಾಗಿತ್ತು, ಕ್ರೈಸ್ತರಲ್ಲದ ಲಕ್ಷಾಂತರ ಜನರಿಗೆ ಒದಗಿತು. ಇದೇ ಹೊತ್ತಿನಲ್ಲಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ವಸಾಹತು ಕಾಲದ ಮಿಷನರಿಗಳಲ್ಲಿ ಅನೇಕರು ಯುರೋಪಿನ ನಾಗರಿಕತೆಯನ್ನೇ ದೇವರ ಕಥನವೆಂದು ಭ್ರಮಿಸಿದ್ದರು. ತನ್ನ ದೇಶ, ತನ್ನ ಪಂಗಡ, ತನ್ನ ಜಾತಿಯ ಏಳಿಗೆಯನ್ನು ದೇವರ ಉದ್ದೇಶವೆಂದು ತಿಳಿಯುವ ಅಪಾಯ ಅವರಲ್ಲಿ ಮುಗಿದುಹೋಗಿಲ್ಲ. ಸಭೆಯಲ್ಲಿ ಜಾತಿ ನೋಡಿ ಸಂಬಂಧ ಬೆಳೆಸುವ ನಾವು, ಮೋವಾಬ್ಯಳು ಯೇಸುವಿನ ವಂಶಾವಳಿಯಲ್ಲಿ ಇದ್ದಾಳೆ ಎಂಬುದನ್ನು ಓದಿಯೂ ಅರಗಿಸಿಕೊಂಡಿಲ್ಲ.

ಇಷ್ಟಾದ ಮೇಲೂ ಪ್ರಾಯೋಗಿಕ ಪ್ರಶ್ನೆ ಉಳಿಯುತ್ತದೆ: ಎರಡು ಕೆಲಸಗಳಲ್ಲಿ ಯಾವುದನ್ನು ಹಿಡಿಯಲಿ, ಊರಿನಲ್ಲಿ ಇರಲೇ, ಹೋಗಲೇ? ಸತ್ಯವೇದದಲ್ಲಿ ಇಂಥ ಪ್ರಶ್ನೆಗಳಿಗೆ ಹೆಸರಿಟ್ಟು ಉತ್ತರ ಸಿಕ್ಕವರು ಕೆಲವರೇ, ಅವರಲ್ಲಿ ಬಹುಪಾಲು ಜನ ಆ ಉತ್ತರ ಬೇಡವಾಗಿತ್ತು ಎಂದು ಗೋಳಾಡಿದವರು. ಉಳಿದವರಿಗೆ ದಿಕ್ಕು ಸಿಕ್ಕಿದೆ, ನಕ್ಷೆ ಸಿಕ್ಕಿಲ್ಲ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಪೌಲನು ದಾವೀದನ ಇಡೀ ಬದುಕನ್ನು, ತನ್ನ ತಲೆಮಾರಿನಲ್ಲಿ ದೇವರ ಸಂಕಲ್ಪಕ್ಕೆ ಸೇವೆ ಸಲ್ಲಿಸಿ ನಿದ್ರೆಹೋದನು ಎಂಬ ಒಂದು ಸಾಲಿಗೆ ಇಳಿಸುತ್ತಾನೆ. ತನ್ನ ತಲೆಮಾರಿನಲ್ಲಿ ಎಂಬ ಮಿತಿ ಅರಸನಿಗೂ ಇತ್ತು. ಆದ್ದರಿಂದ ಕೇಳಿಕೊಳ್ಳಬೇಕಾದವು ಹತ್ತಿರದ ಪ್ರಶ್ನೆಗಳು: ಈಗ ನನ್ನ ಪಾಲಿಗೆ ಬಂದಿರುವ ಜನ ಯಾರು, ನನ್ನ ಕೈಗೆ ಯಾವ ಕೆಲಸ ಒಗ್ಗುತ್ತದೆ, ನನ್ನನ್ನು ಚೆನ್ನಾಗಿ ಬಲ್ಲ ವಿಶ್ವಾಸಿಗಳು ಏನು ಹೇಳುತ್ತಾರೆ, ಈ ಎರಡು ದಾರಿಗಳಲ್ಲಿ ಯಾವುದರಲ್ಲಿ ಸತ್ಯಕ್ಕೂ ನ್ಯಾಯಕ್ಕೂ ತಪ್ಪದೆ ನಡೆಯಬಹುದು. ಎರಡೂ ಒಳ್ಳೆಯ ದಾರಿಗಳಾಗಿದ್ದರೆ ಒಂದನ್ನು ಆರಿಸಿಕೊಂಡು ನಡೆಯಬಹುದು. ದೇವರ ಕಥನವು ನಮ್ಮ ಒಂದು ಅರ್ಜಿಯ ತಪ್ಪಿನಿಂದ ಕೆಟ್ಟುಹೋಗುವಷ್ಟು ದುರ್ಬಲವಲ್ಲ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ವೇಳೆಯನ್ನು ಗಮನಿಸಿದರೆ ಅಲ್ಲಿ ಕೇಳಿಬರುವುದು ಹೆಚ್ಚಾಗಿ ಮುಗಿದ ಕಥೆಗಳು: ಕೆಲಸ ಸಿಕ್ಕಿತು, ವೀಸಾ ಬಂತು, ಆಪರೇಷನ್ ಯಶಸ್ವಿಯಾಯಿತು. ಅವುಗಳಿಗೆ ಸ್ತೋತ್ರ ಸಲ್ಲಿಸಬೇಕಾದದ್ದೇ. ಆದರೆ ಇನ್ನೂ ಉತ್ತರ ಸಿಗದವರು, ಹಾಸಿಗೆ ಹಿಡಿದ ಮಾವನನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಸೊಸೆ, ಲಂಚ ಕೊಡಲಾರದೆ ಬಡ್ತಿ ಕಳೆದುಕೊಂಡ ನೌಕರ ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ಇಸ್ರಾಯೇಲಿನ ಆರಾಧನೆ ಹಾಗಿರಲಿಲ್ಲ. ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳಿನ ಪ್ರಾರ್ಥನೆಗಳು, 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ನಿಲ್ಲುತ್ತದೆ, ಕೊನೆಯಲ್ಲಿ ಸ್ತುತಿಯ ಒಂದು ಸಾಲೂ ಇಲ್ಲ. ಅದನ್ನೂ ಗಾಯಕರಿಗೆ ಹಾಡಲು ಕೊಟ್ಟಿದ್ದರು ಎಂದು ಅದರ ತಲೆಬರಹವೇ ಹೇಳುತ್ತದೆ. ಹಿಂದಿನ ಬೆಂಚಿನಲ್ಲಿ ಉಳಿದವರನ್ನೂ ಎದ್ದು ನಿಂತು ಮಾತಾಡಿರೆಂದು ಕರೆಯುವುದು ಸಭಾಪಾಲಕರು ಮುಂದಿನ ಭಾನುವಾರವೇ ಮಾಡಬಹುದಾದ ಕೆಲಸ.